ದೊಡ್ಡಪ್ಪನ ಕಿವಿಗೆ ಎರಡು ಲೂಪ್, ಒಂದು ಎಫ್‌ಎಂ

ದಾವಣಗೆರೆಯಲ್ಲಿ ನಮ್ಮದು ಮೈಕ್ ಸೆಟ್ ಕೆಲಸ. ಬಡಾವಣೆಯ ಸಮುದಾಯ ಭವನದಲ್ಲಿ ಪ್ರವಚನ ಇದ್ದರೆ ದೊಡ್ಡಪ್ಪ ತಪ್ಪಿಸುವುದಿಲ್ಲ. ಕಿವಿಗೆ ಮಷಿನ್ ಇದೆ. ಆದರೂ "ಸದ್ದು ಕೇಳ್ತೈತಿ ತಮ್ಮಾ, ಮಾತು ತಿಳಿಯಂಗಿಲ್ಲ" ಅನ್ನುತ್ತಿದ್ದರು. ಫ್ಯಾನು, ಗದ್ದಲ, ಗೋಡೆಗೆ ಬಡಿದು ಬರುವ ಸದ್ದು, ಎಲ್ಲವನ್ನೂ ಮಷಿನ್ ಜೋರು ಮಾಡುತ್ತದಲ್ವಾ. ಲೂಪ್, ಅಂದರೆ ಹಾಲ್ ಸುತ್ತ ಎಳೆದ ತಂತಿ, ಹಾಕಿದರೆ ಮೈಕಿನ ಮಾತು ಆ ತಂತಿಯಿಂದ ಕಾಂತಕ್ಷೇತ್ರವಾಗಿ ಮಷಿನ್ ಒಳಗಿನ ಪುಟ್ಟ ತಂತಿಸುರುಳಿಯಾದ ಟೆಲಿಕಾಯಿಲ್‌ಗೆ ಸೀದಾ ಸಿಗುತ್ತದೆ.

ಮೊದಲು ನನ್ನ ಬುದ್ಧಿವಂತಿಕೆ. ಹಾಲ್ 40 ಅಡಿ ಉದ್ದ, 26 ಅಡಿ ಅಗಲ. ಇದ್ದ ಮಾಮೂಲಿ ಆಂಪ್ಲಿಫೈಯರ್‌ಗೇ ಸಣ್ಣ ತಂತಿಯನ್ನು ಗೋಡೆಗುಂಟ ನಾಲ್ಕು ಸುತ್ತು ಎಳೆದೆ. ಒಂದೇ ಸುತ್ತಾದರೆ ಓಮ್ (ತಂತಿಯ ತಡೆ) ಸಾಲದೆ ಆಂಪ್ಲಿಫೈಯರ್ ಸುಡುತ್ತದೆ. ನಾಲ್ಕು ಸುತ್ತಿಗೆ ಓಮ್ ಏನೋ ಬಂತು, ಆದರೆ ಸುತ್ತು ಹೆಚ್ಚಾದಷ್ಟೂ ತಂತಿ ಟ್ರೆಬಲ್, ಅಂದರೆ ಕೀರಲು ಸ್ವರಗಳನ್ನು ತಡೆಯುತ್ತದೆ. ಸ, ಶ ಎಲ್ಲಾ ಮಾಯ. "ಸಾಲು ಅಂದ್ರೋ ಹಾಲು ಅಂದ್ರೋ?" ಅಂದರು ದೊಡ್ಡಪ್ಪ. ನೆಲದೊಳಗಿನ ಕಬ್ಬಿಣದ ಸರಳು ಬೇರೆ ನಡುಹಾಲ್‌ನ ಬಲ ತಿಂದುಹಾಕಿತ್ತು.

ಆಮೇಲೆ ಲೂಪ್‌ಗೆಂದೇ ಮಾಡಿದ ಆಂಪ್ಲಿಫೈಯರ್ ತಂದೆ. ಇದು ಸ್ವರ ಯಾವುದಾದರೂ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿಯುತ್ತದೆ. 1.5 ಚದರ ಎಂಎಂ ತಂತಿ, ಒಂದೇ ಸುತ್ತು. ಈ ಸಲ ಸುಮ್ನೆ ಸುತ್ತಲಿಲ್ಲ, ಹಾಲ್ ಉದ್ದಕ್ಕೂ ಇಂಗ್ಲಿಷ್ 8ರ ಹಾಗೆ ಹಾಯಿಸಿದೆ. ಸುತ್ತು ಕಿರಿದಾದರೆ ಆ ಕಬ್ಬಿಣದ ಕಾಟ ಕಡಿಮೆ. ಪಕ್ಕದ ಕೋಣೆಗೆ ಸೋರುವುದೂ ಕಡಿಮೆ. 8ರ ನಡುಗೆರೆಯ ಮೇಲೆ ಮಾತ್ರ ಏನೂ ಕೇಳುವುದಿಲ್ಲ. ನಮ್ಮಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಓಡಾಡೋ ದಾರಿ. ತಂತಿ ಆ ದಾರಿಯ ಮ್ಯಾಟ್ ಕೆಳಗೇ ಹೋಯಿತು!

ಲೂಪ್ ಕುರಿತ ಅಂತರರಾಷ್ಟ್ರೀಯ ಮಾನದಂಡ ಐಇಸಿ 60118-4 ಪ್ರಕಾರ ಕೂತವರ ಕಿವಿಮಟ್ಟ, ಅಂದರೆ 1.2 ಮೀಟರ್ ಎತ್ತರದಲ್ಲಿ, ಜೋರು ಮಾತಿಗೆ ಕಾಂತಕ್ಷೇತ್ರದ ಬಲ ಮೀಟರಿಗೆ 400 ಮಿಲಿಆಂಪಿಯರ್ ಬರಬೇಕು. ಅಳೆಯೋ ಮೀಟರ್ ಬಾಡಿಗೆಗೆ ತಂದು ಕುರ್ಚಿ ಕುರ್ಚಿಗೂ ಹಿಡಿದೆ. ಇನ್ನೊಂದು ಮಾತು, ತಂತಿ ಎಳೆಯುವ ಮೊದಲೇ ಮಷಿನ್ ‘ಟಿ’ಗೆ (ಟೆಲಿಕಾಯಿಲ್ ಕೆಲಸ ಮಾಡೋ ಸ್ಥಾನ) ಹಾಕಿ ಹಾಲ್ ಸುತ್ತಿ ನೋಡಿ. ಸ್ವಿಚ್ ಬೋರ್ಡ್ ಹತ್ತಿರ ‘ಗುಂಯ್’ ಅಂದರೆ ಅದು ಕರೆಂಟ್ ವೈರಿಂಗ್ ಗಲಾಟೆ. ಅದು ಸರಿಯಾಗದೆ ಲೂಪ್ ದಂಡ.

ಎಫ್‌ಎಂ ಕೊರಳ ಲೂಪ್ ಕೂಡ ಆರು ತಂದಿದ್ದೆ. ಮೈಕಿನ ಮಾತು ರೇಡಿಯೋದಲ್ಲಿ ಬಂದು, ಕೊರಳಿಗೆ ಹಾಕಿಕೊಂಡ ತಂತಿಯಿಂದ ಟೆಲಿಕಾಯಿಲ್ ಸೇರುತ್ತದೆ. ತಂತಿ ಎಳೆಯೋ ಕೆಲಸವೇ ಇಲ್ಲ, ಮಾತು ಸ್ವಚ್ಛ. ಆದರೆ ದಿನಾ ಚಾರ್ಜ್, ಹಂಚು, ವಾಪಸ್ ಕೇಳು. ಒಂದಂತೂ ಯಾರದೋ ಜುಬ್ಬಾ ಜೇಬಲ್ಲಿ ಊರಿಗೇ ಹೋಗಿತ್ತು. ಚಿತ್ರದುರ್ಗದ ಕಡೆ ಶಾಮಿಯಾನದ ಒಂದು ದಿನದ ಕಾರ್ಯಕ್ರಮಕ್ಕೆ ಅದನ್ನೇ ಒಯ್ಯುತ್ತೇನೆ. ಟೆಲಿಕಾಯಿಲ್ ಇಲ್ಲದ ಸಣ್ಣ ಮಷಿನ್‌ನವರಿಗೆ ಅದರಲ್ಲೇ ಇಯರ್‌ಫೋನ್ ಸಿಕ್ಕಿಸಿಕೊಡಬಹುದು. ಕಾಯಂ ಹಾಲ್‌ಗೆ ನನ್ನ ಓಟು 8ಕ್ಕೇ.

ದೊಡ್ಡಪ್ಪನ ಮಷಿನ್‌ನಲ್ಲಿ ಟೆಲಿಕಾಯಿಲ್ ಇದ್ದರೂ ಅಂಗಡಿಯವರು ‘ಟಿ’ ಆನ್ ಮಾಡಿಯೇ ಇರಲಿಲ್ಲ. ಮೊದಲ ತಂತಿ ಎಳೆಯುವ ಮುಂಚೆಯೇ ಅದನ್ನು ಮಾಡಿಸಿದ್ದೆವು. ‘ಟಿ’ಯಲ್ಲಿ ಮಷಿನ್‌ನ ಮೈಕ್ ಬಂದ್ ಆಗುತ್ತದೆ, ಎರಡೂ ಕೇಳೋ ‘ಎಂಟಿ’ ಹಾಕಿಸಲಾ ಅಂದೆ. "ಬ್ಯಾಡ ಬಿಡೋ" ಅಂದರು. "ಪಕ್ಕದೋರ ಗೊಣಗಾಟ ಕೇಳಂಗಿಲ್ಲ, ಆರಾಮ ಐತಿ."