ಮಕ್ಕಳ ಕೋಣೆಯ ಏರ್ ಪ್ಯೂರಿಫೈಯರ್: ಹಿಡಿಯುವುದೆಷ್ಟು, ಬಿಡುವುದೆಷ್ಟು

ವಾಹನ ದಟ್ಟಣೆಯ ರಸ್ತೆಗೆ ಮುಖಮಾಡಿರುವ ಮಕ್ಕಳ ಕೋಣೆಗೆಂದು ಕೊಂಡ ಈ ಯಂತ್ರದ ಹೆಪಾ ಫಿಲ್ಟರ್ (ಗಾಳಿಯ ಸೂಕ್ಷ್ಮ ಕಣಗಳನ್ನು ಸೋಸುವ ದಟ್ಟ ನಾರಿನ ಪದರ), ಶ್ವಾಸಕೋಶದ ಆಳಕ್ಕೆ ಇಳಿಯುವ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು ಚೆನ್ನಾಗಿಯೇ ಹಿಡಿಯುತ್ತದೆ. ಕಿಟಕಿ ಮುಚ್ಚಿದ ಮೇಲೆ ಕಣಗಳ ಪ್ರಮಾಣ ತೋರಿಸುವ ಸೂಚಕದ ಅಂಕಿ ಬೇಗನೆ ಇಳಿಯುತ್ತದೆ. ಆದರೆ ಡೀಸೆಲ್ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅನಿಲವಾದ್ದರಿಂದ ಹೆಪಾ ಅದನ್ನು ತಡೆಯಲಾರದು, ಅದಕ್ಕೆ ಬೇಕಾದ ಸಕ್ರಿಯ ಇದ್ದಿಲಿನ ಪದರವೋ ಇಲ್ಲಿ ತೀರಾ ತೆಳು. ಮಕ್ಕಳ ವಿಷಯದಲ್ಲಿ ಇದನ್ನು ಸಣ್ಣ ಕೊರತೆಯೆಂದು ನಾನು ಭಾವಿಸಲಾರೆ. ಬಾರ್ಸಿಲೋನಾದ 39 ಶಾಲೆಗಳ ಮಕ್ಕಳನ್ನು ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವು, ವಾಹನ ಮಾಲಿನ್ಯ ಹೆಚ್ಚಿದ್ದ ಶಾಲೆಗಳ ಮಕ್ಕಳಲ್ಲಿ ಕಾರ್ಯಸ್ಮರಣೆಯ, ಅಂದರೆ ಮಾಹಿತಿಯನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹಿಡಿದಿಟ್ಟು ಬಳಸುವ ಶಕ್ತಿಯ, ಬೆಳವಣಿಗೆ ನಿಧಾನವಾಗಿದ್ದುದನ್ನು ತೋರಿಸಿತು. ಶಾಲೆಯಲ್ಲಿ, ದಾರಿಯಲ್ಲಿ ಉಸಿರಾಡುವ ಗಾಳಿಯನ್ನು ಕೋಣೆಯ ಯಂತ್ರ ಮುಟ್ಟುವುದೂ ಇಲ್ಲ. ಮಲಗುವ ಹೊತ್ತಿನ ರಕ್ಷಣೆಗಾಗಿ ಕೊಳ್ಳುವವರು ದಪ್ಪ ಇದ್ದಿಲಿನ ಪದರವಿರುವ ಮಾದರಿಯನ್ನೇ ಆರಿಸಿಕೊಳ್ಳಬೇಕು.