ಸಮರಿಯಾನಾ, ಇಂಬ್ರೋಸಾ? ಕ್ರೀಟ್‌ನಲ್ಲಿ ಎರಡು ಕಮರಿ ನಡೆದ ಮೇಲೆ

ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೋಗಿದ್ದು ಬೀಚಿಗೆ ಅಂತಲೇ. ಮೂರನೇ ದಿನಕ್ಕೆ ಮರಳಲ್ಲಿ ಬಿದ್ದುಕೊಂಡು ಬೇಜಾರಾಯಿತು. ಸೆಪ್ಟೆಂಬರ್ ಆದ್ದರಿಂದ ಬಿಸಿಲೂ ಸ್ವಲ್ಪ ಇಳಿದಿತ್ತು. ನಾನೂ ನಮ್ಮವರೂ ಒಂದೇ ವಾರದಲ್ಲಿ ಎರಡು ಕಮರಿ ಇಳಿದೆವು.

ಸಮರಿಯಾ ಹೆಸರುವಾಸಿ. 1962ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನ ಮಾಡಿದಾಗ ಒಳಗಿದ್ದ ಹಳ್ಳಿ ಖಾಲಿಯಾಯಿತು. ಕಲ್ಲಿನ ಮನೆಗಳು ಈಗಲೂ ಇವೆ. ಮೇಯಿಂದ ಅಕ್ಟೋಬರ್‌ವರೆಗೆ ಮಾತ್ರ ಬಿಡುತ್ತಾರೆ. ಖಾನಿಯಾ ಪಟ್ಟಣದಿಂದ ಬೆಳಗಿನ ಮೊದಲ ಬಸ್ಸು ಹತ್ತಿ ಬೆಟ್ಟದ ಮೇಲಿನ ಓಮಾಲೋಸ್ ಕಡೆಗೆ ಹೋದೆವು. ಕಮರಿಯ ಗೇಟು ಇರುವುದು 1,200 ಮೀಟರಿಗೂ ಮೇಲೆ, ದಾರಿ ಮುಗಿಯುವುದು ಸಮುದ್ರದಲ್ಲಿ. ಒಟ್ಟು 16 ಕಿಲೋಮೀಟರ್. ‘ಇಳಿಯೋದು ತಾನೇ’ ಅಂದುಕೊಂಡಿದ್ದೆ. ಮಂಡಿ ತಿನ್ನುವುದೇ ಆ ಇಳಿಜಾರು.

ಮೊದಲು ಪೈನ್ ಮರದ ನೆರಳು, ಅಲ್ಲಲ್ಲಿ ಒರತೆ ನೀರು. ಬಾಟಲಿ ತುಂಬಿಸಿಕೊಂಡರೆ ಸಾಕು. ಹಳೇ ಹಳ್ಳಿಯ ಹತ್ತಿರ ಕ್ರಿ-ಕ್ರಿ ಅನ್ನುವ ಕಾಡುಮೇಕೆಯೊಂದು ಬಂದು ನನ್ನ ಚೀಲಕ್ಕೇ ಮೂತಿ ಹಾಕಿತು. ಆಮೇಲೆ ಹೊಳೆಪಾತ್ರ. ತೆಂಗಿನಕಾಯಿ ಗಾತ್ರದ ಗುಂಡುಕಲ್ಲು, ಒಂದರ ಮೇಲೆ ಕಾಲಿಟ್ಟರೆ ಇನ್ನೊಂದು ಜಾರುತ್ತದೆ. ‘ಕಬ್ಬಿಣದ ಬಾಗಿಲು’ ಅನ್ನುವ ಜಾಗದಲ್ಲಿ ಎರಡೂ ಕಡೆ 300 ಮೀಟರ್ ಬಂಡೆ, ನಡುವೆ ನಾಲ್ಕು ಮೀಟರಿನಷ್ಟು ಜಾಗ. ಅಲ್ಲಿ ಮಾತ್ರ ಮಂಡಿ ನೋವು ಮರೆತುಹೋಯಿತು. ಟಿಕೆಟ್ ಬಿಸಾಡಬೇಡಿ. ಒಳಗೆ ಯಾರೂ ಉಳಿದಿಲ್ಲ ಅಂತ ನೋಡೋಕೆ ಕೆಳಗೆ ಮತ್ತೆ ಕೇಳುತ್ತಾರೆ.

ಕೊನೆಗೆ ಸಿಗುವ ಆಗಿಯಾ ರೂಮೆಲಿ ಅನ್ನುವ ಹಳ್ಳಿಗೆ ರಸ್ತೆಯೇ ಇಲ್ಲ. ಸಂಜೆಯ ಹಡಗಿಗೆ ಕಾಯಬೇಕು, ಅದು ಮುಟ್ಟಿಸಿದ ಊರಿಂದ ಬಸ್ಸು. ರೂಮು ಸೇರಿದಾಗ ರಾತ್ರಿ, ನನ್ನ ಹೆಬ್ಬೆರಳಿನ ಉಗುರು ಕಪ್ಪು. ತಪ್ಪು ನನ್ನದೇ ಬಿಡಿ, ಶೂ ಹೊಸದು.

ಎರಡು ದಿನ ಬಿಟ್ಟು ಇಂಬ್ರೋಸ್. 8 ಕಿಲೋಮೀಟರ್, ಎರಡೂವರೆ ಗಂಟೆ, ಹಡಗಿನ ಗೊಡವೆ ಇಲ್ಲ. ಇದು ಹಿಂದೆ ಹೇಸರಗತ್ತೆಗಳ ದಾರಿ. 1941ರಲ್ಲಿ ದ್ವೀಪ ಜರ್ಮನ್ನರ ಕೈಗೆ ಹೋದಾಗ ಸೋತ ಮಿತ್ರಪಡೆಯ ಸೈನಿಕರು ಹಡಗು ಹತ್ತೋಕೆ ಈ ಕಡೆಯಿಂದಲೇ ದಕ್ಷಿಣ ತೀರದ ಸ್ಫಾಕಿಯಾಕ್ಕೆ ಇಳಿದರಂತೆ. ನಾವು ತಿಂಡಿ ತಿಂದು ಆರಾಮಾಗಿ ಇಳಿದೆವು. ತೀರಾ ಇಕ್ಕಟ್ಟಿನ ಜಾಗ ಎರಡು ಮೀಟರೂ ಇಲ್ಲ. ನಮ್ಮವರು ಕೈ ಚಾಚಿದರೆ ಎರಡೂ ಗೋಡೆ ಮುಟ್ಟಿತು. ನನಗೆ ಒಂದು ಬೆರಳು ಕಮ್ಮಿ. ಸಮರಿಯಾದ ಥರ ಒರತೆ ನಂಬಿಕೊಳ್ಳಬೇಡಿ, ನೀರು ಮೇಲಿಂದಲೇ ಹೊತ್ತುಕೊಳ್ಳಿ.

ನನ್ನ ವೋಟು ಇಂಬ್ರೋಸ್‌ಗೆ. ಬಂಡೆಯ ಎತ್ತರದಲ್ಲಿ ಅದು ಸಮರಿಯಾದ ಕಾಲಿಗೂ ಬರಲ್ಲ, ನಿಜ. ಆದರೆ ಸಮರಿಯಾದಲ್ಲಿ ಅರ್ಧ ದಿನ ಹಡಗಿನ ಟೈಮ್ ನೋಡುತ್ತಲೇ ನಡೆದೆ. ಇಲ್ಲಿ ಅಂಜೂರದ ಮರ ಕಂಡಲ್ಲೆಲ್ಲ ಸುಮ್ನೆ ಕೂತೆ. ನಮ್ಮವರದು ಮಾತ್ರ ಈಗಲೂ ಸಮರಿಯಾನೇ. ಅವರ ಉಗುರು ಕಪ್ಪಾಗಿರಲಿಲ್ಲ ಅಲ್ವಾ.

ಇಂಬ್ರೋಸ್ ದಾರಿ ಮುಗಿಯುವ ಕೊಮಿಟಾಡೆಸ್ ಹಳ್ಳಿಯಲ್ಲಿ ಪಿಕಪ್ ಗಾಡಿಯವರು ಕಾರು ನಿಲ್ಲಿಸಿದಲ್ಲಿಗೆ ವಾಪಸ್ ಬಿಡುತ್ತಾರೆ. ಅದಕ್ಕೂ ಮೊದಲು ಸ್ಫಾಕಿಯಾದ ಪೀಟಾ ತಿನ್ನಿ. ತೆಳ್ಳಗೆ ಲಟ್ಟಿಸಿದ ಕಣಕ, ಹೂರಣದ ಜಾಗದಲ್ಲಿ ಚೀಸ್, ಮೇಲೆ ಜೇನು. ಅಮ್ಮನಿಗೆ ಫೋಟೋ ಕಳಿಸಿದೆ. “ಅಷ್ಟು ದೂರ ಹೋಗಿ ಹೋಳಿಗೆ ತಿಂದ್ರಾ?” ಅಂದರು.