ಸಿಲಿಯಾಕ್ ಇರುವವರಿಗೆ ಬಿಯರ್: ಮೊದಲು ಧಾನ್ಯ ನೋಡಿ, ಆಮೇಲೆ ಬ್ರ್ಯಾಂಡ್

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳಿಗೆ ಪೆಟ್ಟಾಗುವ ಕಾಯಿಲೆ ಸಿಲಿಯಾಕ್. ಅದಿರುವವರಿಗೆ ಬಾರ್ಲಿಯ ಮಾಮೂಲಿ ಬಿಯರ್ ಆಗದು. ಗ್ಲುಟೆನ್-ಫ್ರೀ ಬಿಯರ್ ಎಂದರೆ ಹುಳಿ ಹುಳಿ, ನೀರು ನೀರು ಎಂಬ ಕೆಟ್ಟ ಹೆಸರು ಬಂದದ್ದು ಮುಖ್ಯವಾಗಿ ಜೋಳದ ಸಿರಪ್‌ನಿಂದ. ಅದರಿಂದ ಮಾಡಿದ ಬಿಯರ್ ಕುಡಿದ ಮೇಲೆ ನಾಲಗೆಯಲ್ಲಿ ಸೇಬಿನಂಥ ಹುಳಿ, ಕೆಲವೊಮ್ಮೆ ಲೋಹದ ರುಚಿ ಉಳಿಯುತ್ತದೆ. ಮೈ ತೆಳು, ನೊರೆ ನಿಲ್ಲುವುದಿಲ್ಲ. ಜೋಳದ ರೆಡ್‌ಬ್ರಿಜ್, ಜೋಳ ಮತ್ತು ಅಕ್ಕಿಯ ನ್ಯೂ ಗ್ರಿಸ್ಟ್ ಚೆನ್ನಾಗಿ ತಣ್ಣಗಿದ್ದರೆ ಊಟದ ಜೊತೆ ಸರಿ, ಬರೀ ಬಿಯರ್ ಆಗಿ ಸವಿಯಲು ಸಾಲವು.

ಚಿತ್ರ ಬದಲಾದದ್ದು ಸಿರಿಧಾನ್ಯದ ಮಾಲ್ಟ್ ಬಂದ ಮೇಲೆ. ಮೊಳಕೆ ಕಟ್ಟಿ ಹುರಿದ ಸಿರಿಧಾನ್ಯ ಬಾರ್ಲಿಗೆ ಹತ್ತಿರದ ಬ್ರೆಡ್ಡಿನ ಘಮ ಕೊಡುತ್ತದೆ. ಬಕ್‌ವೀಟ್ (ಹೆಸರಲ್ಲಿ ವೀಟ್ ಇದ್ದರೂ ಗೋಧಿಯಲ್ಲ) ಸೇರಿದರೆ ಅದರ ಪ್ರೋಟೀನಿನಿಂದ ನೊರೆಯೂ ಮೈಯೂ ಬರುತ್ತವೆ. ಮಾಂಟ್ರಿಯಲ್‌ನ ಗ್ಲುಟೆನ್‌ಬರ್ಗ್ ಬ್ರೂವರಿ 2012ರ ವರ್ಲ್ಡ್ ಬಿಯರ್ ಕಪ್‌ನ ಗ್ಲುಟೆನ್-ಫ್ರೀ ವಿಭಾಗದಲ್ಲಿ ಮೂರೂ ಪದಕ ಗೆದ್ದಿತು. ಲಾಗರ್ (ತಿಳಿಯಾದ ಮಾಮೂಲಿ ಬಿಯರ್) ಅಭ್ಯಾಸವಿದ್ದವರು ಅದರ ತಿಳಿಬಣ್ಣದ ಬ್ಲಾಂಡ್‌ನಿಂದ ಶುರು ಮಾಡಬಹುದು. ಆದರೆ ಹಗುರ ಬಿಯರ್‌ನಲ್ಲೇ ಧಾನ್ಯದ ಕುಂದು ಹೆಚ್ಚು ಎದ್ದು ಕಾಣುತ್ತದೆ, ಮರೆಮಾಡಲು ಅಲ್ಲಿ ಏನೂ ಇರುವುದಿಲ್ಲ. ಹಾಪ್ಸ್ ಎಂಬ ಹೂವಿನ ಕಹಿಯೋ ಹುರಿದ ಮಾಲ್ಟೋ ಇದ್ದರೆ ಕೊರತೆ ಗೊತ್ತೇ ಆಗದು. ಆದ್ದರಿಂದ ಸಿಯಾಟಲ್‌ನ ಗೋಸ್ಟ್‌ಫಿಶ್ ಬ್ರೂವರಿಯ ಗ್ರೇಪ್‌ಫ್ರೂಟ್ ಐಪಿಎ (ಹಾಪ್ಸ್ ಜಾಸ್ತಿ ಇರುವ ಕಹಿ ಬಿಯರ್) ಮತ್ತು ವಾಚ್‌ಸ್ಟ್ಯಾಂಡರ್ ಸ್ಟೌಟ್ (ಹುರಿದ ಮಾಲ್ಟ್‌ನ ಕಪ್ಪು ಬಿಯರ್) ನಮ್ಮ ಮೊದಲ ಆಯ್ಕೆ. ಬೆಲ್ಜಿಯನ್ ಶೈಲಿ ಇಷ್ಟವಿದ್ದರೆ ಗ್ರೀನ್ಸ್ ಬ್ರ್ಯಾಂಡಿನ ಎಂಡೆವರ್ ಡುಬೆಲ್ ಎಂಬ ಕಂದು ಬಿಯರ್. ಒಣಹಣ್ಣಿನ ಸಿಹಿಯಿದೆ, ಆಲ್ಕೋಹಾಲ್ 7%, ನಿಧಾನವಾಗಿ ಕುಡಿಯಬೇಕು.

ಇನ್ನೊಂದು ಬಗೆ ಇದೆ, ಅಲ್ಲೇ ಎಡವುವುದು. ಒಮಿಷನ್, ಡೌರಾ ಮುಂತಾದವು ಬಾರ್ಲಿಯಿಂದಲೇ ಆದವು. ಹುದುಗುವಾಗ ಕಿಣ್ವ ಹಾಕಿ ಗ್ಲುಟೆನ್ ಕತ್ತರಿಸುತ್ತಾರೆ. ರುಚಿ ಮಾಮೂಲಿ ಬಿಯರ್‌ನದೇ, ಸೋಜಿಗವಿಲ್ಲ. ಆದರೆ ಕತ್ತರಿಸಿದ ತುಣುಕುಗಳನ್ನು ಈಗಿನ ಪರೀಕ್ಷೆಗಳು ನಂಬುವಂತೆ ಅಳೆಯಲಾರವು, ಹಾಗಾಗಿ ಗ್ಲುಟೆನ್ 20 ಪಿಪಿಎಂಗಿಂತ (ಹತ್ತು ಲಕ್ಷ ಭಾಗದಲ್ಲಿ 20 ಭಾಗ) ಕಡಿಮೆ ಎಂಬ ಅಂಕಿ ಇಲ್ಲಿ ಪೂರ್ತಿ ಭರವಸೆಯಲ್ಲ. ಸಿಲಿಯಾಕ್ ಇದ್ದವರು ಇವನ್ನು ಬಿಡುವುದೇ ಒಳ್ಳೆಯದು. ಹೊಟ್ಟೆ ನೋಯಲಿಲ್ಲ ಎಂದರೆ ಕರುಳಿಗೆ ಪೆಟ್ಟಾಗಲಿಲ್ಲ ಎಂದಲ್ಲ.

ಕ್ಯಾನಿನ ಮುಂಭಾಗದ ಲೇಬಲ್ ಒಂದನ್ನೇ ನಂಬಬೇಡಿ. ಯುರೋಪಿನಲ್ಲಿ 20 ಪಿಪಿಎಂ ಒಳಗಿದ್ದರೆ ಬಾರ್ಲಿ ಬಿಯರಿಗೂ ಗ್ಲುಟೆನ್-ಫ್ರೀ ಎಂದು ಬರೆಯಬಹುದು. ಅಮೆರಿಕದಲ್ಲೂ ಆಸ್ಟ್ರೇಲಿಯಾದಲ್ಲೂ ಬರೆಯುವಂತಿಲ್ಲ. ಕ್ಯಾನ್ ತಿರುಗಿಸಿ ಪದಾರ್ಥಗಳ ಪಟ್ಟಿಯಲ್ಲಿ ಬಾರ್ಲಿ, ಗೋಧಿ, ರೈ ಹುಡುಕಿ. ಬರೀ 'ಮಾಲ್ಟ್' ಎಂದಿದ್ದರೆ ಬಾರ್ಲಿ ಎಂದೇ ತಿಳಿಯಿರಿ. ಅಕ್ಕಿ, ಮೆಕ್ಕೆಜೋಳ ಹಾಕಿದ ಮಾಮೂಲಿ ಲಾಗರ್‌ಗಳಲ್ಲೂ ಬಾರ್ಲಿ ಇದ್ದೇ ಇರುತ್ತದೆ.

ಬಾರ್‌ನಲ್ಲಿ ನಲ್ಲಿಯ ಬಿಯರ್ ಬೇಡ, ಅದೇ ಪೈಪಿನಲ್ಲಿ ಹಿಂದೆ ಬಾರ್ಲಿ ಬಿಯರ್ ಹರಿದಿರಬಹುದು. ಸೀಲ್ ಮಾಡಿದ ಕ್ಯಾನ್, ತೊಳೆದ ಗ್ಲಾಸ್ ಕೇಳಿ. ಹಾಪ್ಸ್ ಜಾಸ್ತಿ ಇರುವ ಕ್ಯಾನ್ ತುಂಬಿದ ಮೂರು ತಿಂಗಳೊಳಗೆ ಮುಗಿಸಿ, ಆಮೇಲೆ ಘಮ ಹೋಗಿ ಬರೀ ಒಗರು ಉಳಿಯುತ್ತದೆ. ಸ್ಟೌಟ್, ಡುಬೆಲ್ ಫ್ರಿಜ್‌ನಿಂದ ತೆಗೆದು ಕಾಲು ಗಂಟೆ ಬಿಡಿ. ಮಂಜಿನಷ್ಟು ತಣ್ಣಗಿದ್ದರೆ ಮಾಲ್ಟ್‌ನ ರುಚಿ ಹತ್ತುವುದೇ ಇಲ್ಲ. ಸುರಿಯುವಾಗ ಮೊದಲರ್ಧ ಗ್ಲಾಸ್ ಓರೆ ಹಿಡಿದು, ಉಳಿದರ್ಧ ನೆಟ್ಟಗೆ ನಡುವಿಗೇ ಸುರಿದರೆ ಒಳ್ಳೆಯ ನೊರೆ ಏಳುತ್ತದೆ.